ಹಡಗಿಗಿಂತ ಮುಂದೆ ಹೋದ ಹೊಗೆ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದು ಮರದ ಬೇಲಿ ಅಷ್ಟೇ. ಹ್ಯೂಸ್ಟನ್ನಿನ ಪಶ್ಚಿಮದ ಈ ಬೀದಿಗೆ ನಾವು ಬಂದು ಆರು ವರ್ಷವಾಗಿದ್ದರೂ ಆ ಮನೆಯ ಬ್ರಿಟಿಷ್ ಮುದುಕರ ಜತೆ ನನಗೆ ದೂರದಿಂದ ಕೈ ಬೀಸುವಷ್ಟೇ ಪರಿಚಯವಿತ್ತು. ಬೆಳಗ್ಗೆ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಅವರು ಗ್ಯಾರೇಜಿನ ಬಾಗಿಲನ್ನು ಮೊಣಕಾಲೆತ್ತರಕ್ಕೆ ಎತ್ತಿಕೊಂಡು ಒಳಗೆ ಏನೋ ಮಾಡುತ್ತಿರುತ್ತಿದ್ದರು. ಆ ಸಂದಿಯಿಂದ ಅಗಸಿ ಎಣ್ಣೆಯ ವಾಸನೆ ಬರುತ್ತಿತ್ತು. ವಿಜಯಪುರದಲ್ಲಿ ಅಗಸಿ ಚಟ್ನಿಪುಡಿ ಉಂಡು ಬೆಳೆದವಳು ನಾನು. ಈ ಮನುಷ್ಯನ ಗ್ಯಾರೇಜಿನಲ್ಲಿ ಅಗಸಿಗೆ ಏನು ಕೆಲಸ ಎಂದು ಎಷ್ಟೋ ಸಲ ಯೋಚಿಸಿದ್ದುಂಟು, ಕೇಳಿದ್ದಿಲ್ಲ.

ಒಂದು ಶನಿವಾರ ಅವರ ಪಾರ್ಸೆಲ್ ತಪ್ಪಿ ನಮ್ಮ ಬಾಗಿಲಿಗೆ ಬಂತು. ಎತ್ತಿಕೊಂಡು ಹೋಗಿ ಗ್ಯಾರೇಜಿನ ಬಾಗಿಲು ತಟ್ಟಿದೆ. ಅವರು ಬಾಗಿಲನ್ನು ಪೂರ್ತಿ ಮೇಲಕ್ಕೆತ್ತಿದರು. ಒಳಗೆ, ನಮ್ಮ ಮನೆಯಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗದಲ್ಲಿ, ಸಮುದ್ರ ನಿಂತಿತ್ತು.

ಆರಡಿ ಅಗಲದ ಕ್ಯಾನ್ವಾಸು. ಬೂದಿ ಹಸಿರಿನ ಒಂದೇ ಒಂದು ದೊಡ್ಡ ಅಲೆ, ಪಕ್ಕದಿಂದ ಕಂಡಂತೆ. ಅದರ ಬೆನ್ನೇರುತ್ತಿದ್ದ ಒಂದು ಚಿಕ್ಕ ಸರಕು ಹಡಗು. ಅಗಸಿ ಎಣ್ಣೆ ಬಣ್ಣ ಕಲಸಲು ಎಂದು ಆಗ ಗೊತ್ತಾಯಿತು. ಆದರೆ ನನ್ನ ಕಣ್ಣು ಅಲೆ ಬಿಟ್ಟು ಕದಲಲಿಲ್ಲ. ತೈಲ ಕಂಪನಿಗಳೆಲ್ಲ ಇರುವ ಎನರ್ಜಿ ಕಾರಿಡಾರಿನ ಒಂದು ಆಫೀಸಿನಲ್ಲಿ ನನ್ನ ಕೆಲಸವೇ ಅಲೆಗಳದ್ದು. ಸಮುದ್ರದಲ್ಲಿ ನಿಲ್ಲಿಸುವ ಎಣ್ಣೆ ಬಾವಿಯ ಕಟ್ಟೆಗಳಿಗೆ ಯಾವ ಗಾಳಿಯಲ್ಲಿ ಎಂಥ ಅಲೆ ಎಷ್ಟು ಜೋರಾಗಿ ಬಡಿಯುತ್ತದೆಂದು ಲೆಕ್ಕ ಹಾಕುವುದು. ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಸ್ಕ್ರೀನಿನ ಮೇಲೆ ಗೆರೆಯಾಗಿ, ಅಂಕಿಯಾಗಿ ಲಕ್ಷಗಟ್ಟಲೆ ಅಲೆ ನೋಡಿದ್ದೇನೆ. ಎದುರಿಗೆ ನಿಂತು ನೋಡಿದ್ದು ಇಲ್ಲಿಗೆ ಹತ್ತಿರದ ಸಮುದ್ರದಂಡೆ ಗ್ಯಾಲ್ವಸ್ಟನ್ನಿನ ಮರಳಿನ ಮೇಲಿನ ಬಡಕಲು ಅಲೆ ಮಾತ್ರ.

"ಒಂದು ಸ್ಕೇಲ್ ಕೊಡ್ತೀರಾ?" ಎಂದು ಕೇಳಿದೆ. ಅವರ ಜತೆ ನಾನು ಆಡಿದ ಮೊದಲ ಮಾತೇ ಇದು.

ಅವರು ಏಕೆಂದು ಕೇಳದೆ ಕೊಟ್ಟರು. ಬಣ್ಣ ಮುಟ್ಟದ ಹಾಗೆ ಸ್ಕೇಲ್ ಹಿಡಿದು ಅಲೆಯ ಎತ್ತರ ಅಳೆದೆ, ತಗ್ಗಿನಿಂದ ತಗ್ಗಿಗೆ ಉದ್ದ ಅಳೆದೆ. ಅಲೆಯ ಎತ್ತರ ಅದರ ಉದ್ದದ ಏಳನೇ ಒಂದು ಭಾಗ ಮುಟ್ಟಿದರೆ ಅದು ನಿಲ್ಲಲಾರದು, ಒಡೆಯುತ್ತದೆ. ನಮ್ಮ ಕೆಲಸದಲ್ಲಿ ಇದು ಮಗ್ಗಿ ಇದ್ದಂತೆ. ಈ ಅಲೆ ಏಳನೇ ಒಂದಕ್ಕೆ ಒಂದು ಕೂದಲೆಳೆಯಷ್ಟು ಕಡಿಮೆ ಇತ್ತು.

"ಇದು ಇನ್ನೇನು ಒಡೆಯುತ್ತೆ" ಎಂದೆ.

"ಹೌದು. ಅದಕ್ಕೇ ಹಡಗಿನವನು ಹಡಗಿನ ಮೂತಿಯನ್ನು ಅಲೆಗೆ ಎದುರಾಗಿ ತಿರುಗಿಸುತ್ತಿದ್ದಾನೆ ನೋಡಿ" ಎಂದರು. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ ಅಷ್ಟೇ.

ಏಳನೇ ಒಂದರ ವಿಷಯ ಹೇಳಿದೆ. ಅವರು ಕುಂಚವನ್ನು ಅಂಗಿಗೆ ಒರೆಸಿಕೊಂಡು ಸ್ವಲ್ಪ ಹೊತ್ತು ಆ ಅಲೆಯನ್ನೇ ನೋಡಿದರು. "ಏಳನೇ ಒಂದೇ? ನನಗೆ ಯಾರೂ ಹೇಳಿರಲಿಲ್ಲ."

ನಾವು ಪ್ರಯೋಗಾಲಯದ ತೊಟ್ಟಿಗಳಲ್ಲಿ ನೀರು ಅಲುಗಿಸಿ, ಸೂತ್ರ ಬರೆದು, ಕಂಪ್ಯೂಟರ್ ಓಡಿಸಿ ಕಂಡುಕೊಂಡದ್ದನ್ನು ಈ ಮನುಷ್ಯ ಬರಿಗಣ್ಣಿನಿಂದ ನೋಡಿ, ಐವತ್ತು ವರ್ಷ ನೆನಪಿಟ್ಟುಕೊಂಡು, ಬಟ್ಟೆಯ ಮೇಲೆ ತಂದಿಟ್ಟಿದ್ದರು.

ಆಮೇಲೆ ಶನಿವಾರಗಳಲ್ಲಿ ಹೋಗುವುದು ರೂಢಿಯಾಯಿತು. ಇಲ್ಲಿಯವರ ಹಾಗೆ ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ, ಸರ್ ಎನ್ನುತ್ತಿದ್ದೆ. ಅವರು ಮೊದಮೊದಲು ನಕ್ಕು ಆಮೇಲೆ ಒಪ್ಪಿಕೊಂಡರು. ಇಂಗ್ಲೆಂಡಿನ ಈಶಾನ್ಯದಲ್ಲಿ ಕಲ್ಲಿದ್ದಲು ತುಂಬುವ ಒಂದು ಬಂದರಿನಲ್ಲಿ ಹುಟ್ಟಿದವರಂತೆ. ಹದಿನಾರಕ್ಕೆ ಹಡಗು ಹತ್ತಿದರು. ಹಳೆಯದಾಗಿ ಬಿಸಾಡುವ ನಕ್ಷೆಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಅಲೆ ಬರೆಯುತ್ತಾ ಹದಿನೆಂಟು ವರ್ಷ ಕಳೆದರು. ಒಮ್ಮೆ ಹಡಗು ರಿಪೇರಿಗೆಂದು ಹ್ಯೂಸ್ಟನ್ನಿನಲ್ಲಿ ಎರಡು ತಿಂಗಳು ನಿಂತಿತು. ಅಷ್ಟರಲ್ಲಿ ಇಲ್ಲಿಯ ಶಾಲೆಯೊಂದರ ಟೀಚರ್ ಪರಿಚಯವಾಗಿ, ಹಡಗು ಹೋಯಿತು, ಇವರು ಉಳಿದರು. ಅಲ್ಲಿಂದ ಈಚೆಗೆ ಚಿತ್ರವೇ ಅನ್ನ. ಹಡಗು ಕಂಪನಿಗಳಿಗೆ, ಮ್ಯೂಸಿಯಂಗಳಿಗೆ, ತಾವು ದುಡಿದ ಹಡಗನ್ನು ಗೋಡೆಯ ಮೇಲೆ ನೋಡಬೇಕೆನ್ನುವ ಮುದಿ ನಾವಿಕರಿಗೆ ಬರೆದುಕೊಟ್ಟರು. ಹೆಂಡತಿ ತೀರಿ ಒಂಬತ್ತು ವರ್ಷವಾಗಿತ್ತು. ಅವರಿಗೆ ಎಂಬತ್ತೆರಡು.

"ಸಮುದ್ರದ ದಂಡೆಗೆ ಮನೆ ಮಾಡಬಹುದಿತ್ತಲ್ಲ ಸರ್?" ಎಂದು ಒಮ್ಮೆ ಕೇಳಿದೆ.

"ಮಾಡಿದ್ದರೆ ನೋಡುತ್ತಾ ಕೂತಿರುತ್ತಿದ್ದೆ. ಕೆಲಸ ಆಗುತ್ತಿರಲಿಲ್ಲ" ಎಂದರು.

ಆ ವರ್ಷ ದೀಪಾವಳಿಗೆ ಡ್ರೈವ್ ಮಾಡಿಕೊಂಡು ಡಾಲಸ್ ಕಡೆಗೆ ಹೋದೆವು. ಅದರ ಪಕ್ಕದ ರಿಚರ್ಡ್‌ಸನ್ನಿನಲ್ಲಿ ನನಗೆ ತೌರುಮನೆಯಂಥ ಒಂದು ಮನೆ ಇದೆ. ಓದಲು ಬಂದ ಹೊಸದರಲ್ಲಿ ನಾಲ್ಕು ಹುಡುಗಿಯರು ಒಂದು ಅಪಾರ್ಟ್‌ಮೆಂಟ್ ಹಂಚಿಕೊಂಡು, ಮ್ಯಾಗಿ ತಿಂದು ದಿನ ದೂಡುತ್ತಿದ್ದಾಗ, ಅದೇ ಬೀದಿಯ ಕನ್ನಡದ ದಂಪತಿ ನಮ್ಮನ್ನು ಕರೆದು ಊಟಕ್ಕೆ ಹಾಕುತ್ತಿದ್ದರು. ಅಂಕಲ್ ಕಾರವಾರದ ಕಡೆಯವರು, ಟೆಲಿಕಾಂ ಕಂಪನಿಯಲ್ಲಿದ್ದು ರಿಟೈರ್ ಆದವರು. ಆಂಟಿ ಹುಬ್ಬಳ್ಳಿಯವರು. ಅಂಕಲ್‌ಗೆ ಈಗ ಎಪ್ಪತ್ತಾರು. ಊಟವಾದ ಮೇಲೆ ಪಕ್ಕದ ಮನೆಯ ಚಿತ್ರಕಾರರ ಕಥೆ ಹೇಳಿ, ಫೋನಿನಲ್ಲಿ ತೆಗೆದುಕೊಂಡಿದ್ದ ಅಲೆಯ ಫೋಟೋ ತೋರಿಸಿದೆ.

ಅಂಕಲ್ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ತಂಗೀ, ಇವರು ಹಳೇ ಹಡಗೂ ಬರೀತಾರೋ? ಈಗ ಇಲ್ಲದ ಹಡಗು?"

"ಬರೀತಾರ್ರಿ ಅಂಕಲ್. ಯಾಕ್ರಿ?"

ಅಂಕಲ್ ಎದ್ದು ಒಳಗೆ ಹೋದರು. ಆಂಟಿ ತಗ್ಗಿದ ದನಿಯಲ್ಲಿ, "ಅವರ ಅಪ್ಪನ ಪತ್ರ ತರಾಕ ಹೋಗ್ಯಾರ. ನನಗ ಮದುವಿ ಆಗಿ ಹತ್ತು ವರ್ಷಕ್ಕ ತೋರ್ಸಿದ್ರು" ಎಂದರು.

ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟಿದ್ದ ಒಂದು ಹಳದಿ ಕಾಗದ. ಹಡಗು ಕಂಪನಿಯೊಂದು ಅಂಕಲ್‌ರ ತಾಯಿಗೆ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಕಳಿಸಿದ್ದು. ನಿಮ್ಮ ಗಂಡ, ನಮ್ಮ ಇಂಥ ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು, ವಯಸ್ಸು ಮೂವತ್ತೆರಡು, ಏಡನ್ನಿನಿಂದ ಬೊಂಬಾಯಿಗೆ ಬರುವ ದಾರಿಯಲ್ಲಿ ಒಂದು ದಿನದ ಜ್ವರದಿಂದ ತೀರಿಕೊಂಡನೆಂದೂ, ದೇಹವನ್ನು ಗೌರವದಿಂದ ಸಮುದ್ರಕ್ಕೆ ಒಪ್ಪಿಸಲಾಯಿತೆಂದೂ ಇತ್ತು. ಕೆಳಗೆ ತಾರೀಖು. ಅದರ ಮುಂದೆ, ದೇಹವನ್ನು ನೀರಿಗೆ ಬಿಟ್ಟ ಜಾಗದ ಅಕ್ಷಾಂಶ ಮತ್ತು ರೇಖಾಂಶ.

"ನನಗೆ ನಾಕು ವರ್ಷ ಆಗ" ಎಂದರು ಅಂಕಲ್. "ಅಪ್ಪನದೊಂದು ಫೋಟೋ ಇಲ್ಲ. ಮುಖ ನೆನಪಿಲ್ಲ. ಅವ ಇದ್ದ ಹಡಗಾದ್ರೂ ಹೇಗಿತ್ತು ಅಂತ ನೋಡ್ಬೇಕು ಅಂತ ಬಹಳ ಆಸೆ."

ಹ್ಯೂಸ್ಟನ್ನಿಗೆ ಮರಳಿದ ಮೇಲೆ ಪತ್ರದ ನಕಲನ್ನು ಸರ್ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಕೆಲಸ ಒಪ್ಪುತ್ತಾರೋ ಇಲ್ಲವೋ ಎಂದು ನಾನು ಕಾಯುತ್ತಿದ್ದರೆ, "ತೀರಿದ ದಿನವನ್ನು ನಾನು ಬರೆಯುವುದಿಲ್ಲ" ಎಂದರು. "ಜ್ವರ ಒಂದು ದಿನ ಅಂತಿದೆ. ಹಾಗಾದರೆ ಎರಡು ದಿನ ಮುಂಚೆ ಅವನು ಕೆಲಸದ ಮೇಲಿದ್ದ. ಆ ದಿನ ಬರೆಯೋಣ. ಹಡಗು ಆವತ್ತು ಎಲ್ಲಿತ್ತು, ಗಾಳಿ ಎಲ್ಲಿಂದ ಇತ್ತು, ಹುಡುಕಿ ಹೇಳುತ್ತೀರಾ? ಅದು ನಿಮ್ಮ ಕೆಲಸ. ಹಡಗಿನ ಆಕಾರ ಹುಡುಕುವುದು ನನ್ನದು."

ಆಕಾರ ಸಿಕ್ಕಿದ್ದು ಆಸ್ಟಿನ್ನಿನಲ್ಲಿ. ಅಂಥದ್ದೇ ನಕ್ಷೆಯಲ್ಲಿ ಕಟ್ಟಿದ ಇನ್ನೊಂದು ಹಡಗಿನ ಚಿತ್ರ ಒಂದು ಹಳೆಯ ಪುಸ್ತಕದಲ್ಲಿದೆಯೆಂದು ಸರ್‌ಗೆ ಗೊತ್ತಿತ್ತು. ಆಸ್ಟಿನ್ನಿನಲ್ಲಿ ಓದುತ್ತಿರುವ ನನ್ನ ಮಗಳಿಗೆ ಫೋನ್ ಮಾಡಿ, ಅದು ಅಲ್ಲಿಯ ಲೈಬ್ರರಿಯಲ್ಲಿದೆಯೇ ನೋಡು ಎಂದೆ. ಅವಳು ಎಂದಿನಂತೆ ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು, ಒಂದು ಗಂಟೆಯಲ್ಲಿ ತಿರುಗಿ ಫೋನ್ ಮಾಡಿ, "ಅಮ್ಮಾ, ದೇ ಹ್ಯಾವ್ ಇಟ್" ಎಂದಳು. ನಾನೂ ಸರ್ ಅವರೂ ಹೋದೆವು. ಲೈಬ್ರರಿಯವರು ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಸರ್ ಆ ದೊಡ್ಡ ಪುಸ್ತಕವನ್ನು ಬಿಚ್ಚಿ, ಮಡಚಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು, ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ತಲೆಯೆತ್ತದೆ ಬರೆದುಕೊಂಡರು. ಹೊಗೆ ಕೊಳವೆ ಎಷ್ಟು ಎತ್ತರ, ದೋಣಿಗಳನ್ನು ಎಲ್ಲಿ ಕಟ್ಟಿದ್ದಾರೆ, ಏಣಿಗೆ ಮೆಟ್ಟಿಲು ಎಷ್ಟು ಎಲ್ಲವನ್ನೂ. ಅರ್ಧ ಗಂಟೆ ಇದ್ದು ಕ್ಲಾಸಿಗೆ ಹೋಗುತ್ತೇನೆಂದಿದ್ದ ಮಗಳು ಅವರ ಪಕ್ಕದಿಂದ ಏಳಲೇ ಇಲ್ಲ. ಅವರ ಪೆನ್ಸಿಲ್ ಚೂಪು ಮಾಡಿ ಕೊಡುತ್ತಾ ಸಂಜೆವರೆಗೆ ಕೂತಿದ್ದಳು.

ನನ್ನ ಪಾಲಿನ ಕೆಲಸ ನಾನು ಮಾಡಿದೆ. ಹಿಂದಿನ ಕಾಲದಲ್ಲಿ ಹಡಗುಗಳು ದಿನಕ್ಕೆ ನಾಲ್ಕಾರು ಸಲ ಗಾಳಿ, ಮೋಡ, ಅಲೆ ನೋಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದವು. ಅಂಥ ದಾಖಲೆಗಳನ್ನು ಈಗ ಕಂಪ್ಯೂಟರಿಗೆ ಏರಿಸಿದ್ದಾರೆ, ನಮ್ಮ ಆಫೀಸಿನ ಲೆಕ್ಕಕ್ಕೂ ಬಳಸುತ್ತೇವೆ. ಪತ್ರದಲ್ಲಿದ್ದ ಜಾಗಕ್ಕೆ ಅರಬ್ಬಿ ಸಮುದ್ರದ ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟೆ. ಅಂಥ ಹಡಗು ಗಂಟೆಗೆ ಹತ್ತು ಸಮುದ್ರ ಮೈಲಿ ಹೋಗುತ್ತದೆಂದು ಸರ್ ಹೇಳಿದ್ದರು. ಎರಡು ದಿನಕ್ಕೆ ನಾನೂರ ಎಂಬತ್ತು. ಅಷ್ಟು ದೂರ ಗೆರೆಯನ್ನು ಏಡನ್ನಿನ ಕಡೆಗೆ ಹಿಂದಕ್ಕೆಳೆದು ಇನ್ನೊಂದು ಚುಕ್ಕೆ ಇಟ್ಟೆ. ದಿನವಿಡೀ ಇಂಥ ಚುಕ್ಕೆ ಇಡುವುದೇ ನನ್ನ ಕೆಲಸ. ಆದರೆ ಆವತ್ತು ಇಟ್ಟ ಕೈ ಹಾಗೇ ನಿಂತಿತು. ಈ ಚುಕ್ಕೆಯಲ್ಲಿ ಆ ಮನುಷ್ಯ ಬದುಕಿದ್ದ. ಬೆವರುತ್ತಿದ್ದ, ನೀರು ಕುಡಿಯುತ್ತಿದ್ದ, ಊರಿಗೆ ಇನ್ನೆಷ್ಟು ದಿನ ಎಂದು ಎಣಿಸುತ್ತಿದ್ದ.

ಆ ಸುತ್ತಮುತ್ತ ಅದೇ ದಿನ ಹಾದುಹೋದ ಮೂರು ಹಡಗುಗಳ ದಾಖಲೆ ಸಿಕ್ಕಿತು. ಆಷಾಢದ ಸಮುದ್ರ. ನೈರುತ್ಯದಿಂದ ಗಂಟೆಗೆ ಇಪ್ಪತ್ತೆಂಟು ಮೈಲಿ ಗಾಳಿ, ತಗ್ಗಿನ ಮೋಡ, ನಡುನಡುವೆ ಬಿಸಿಲು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತೆಗೆದುಕೊಂಡು ಹೋದೆ.

ಹೋದಾಗ ಸರ್ ಆಗಲೇ ಅರ್ಧ ಚಿತ್ರ ಮುಗಿಸಿದ್ದರು. ಮೊದಲು ಹಗುರ ಮರದಲ್ಲಿ ಕೈಯುದ್ದದ ಹಡಗು ಕೆತ್ತಿ, ಅದಕ್ಕೆ ದೀಪ ಹಿಡಿದು ನೆರಳು ನೋಡಿಕೊಂಡು, ಆಮೇಲೆ ಕ್ಯಾನ್ವಾಸಿಗೆ ಬರೆಯುವುದು ಅವರ ಪದ್ಧತಿ. ಹಡಗು ಮುಗಿದಿತ್ತು. ಕೊಳವೆಯಿಂದ ಎದ್ದ ಕಪ್ಪು ಹೊಗೆ ಹಡಗಿನ ಹಿಂದೆ ಉದ್ದಕ್ಕೆ ಚಾಚಿಕೊಂಡಿತ್ತು. ಅಷ್ಟು ಚೆನ್ನಾದ ಹೊಗೆಯನ್ನು ನಾನು ನೋಡಿರಲಿಲ್ಲ. ಒಳಗೆ ಕಂದು, ಅಂಚಿನಲ್ಲಿ ನೀಲಿ, ಬಿಸಿಲು ತಾಗಿದಲ್ಲಿ ಹಳದಿ.

ನನ್ನ ಕೈಯಲ್ಲಿದ್ದ ಹಾಳೆ ಬೇರೆ ಹೇಳುತ್ತಿತ್ತು. ಎಂಬತ್ತೆರಡು ವರ್ಷದವರ ಎದುರು ಹೇಗೆ ಹೇಳುವುದು? ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಡಲು ಎದ್ದವಳು ಬಾಗಿಲಲ್ಲಿ ನಿಂತೆ.

"ಸರ್, ಆವತ್ತು ಗಾಳಿ ಹಿಂದಿನಿಂದ ಇತ್ತು. ಹಡಗು ಹತ್ತು, ಗಾಳಿ ಇಪ್ಪತ್ತೆಂಟು."

ಅವರು ಹಾಳೆ ತೆಗೆದುಕೊಂಡು ಓದಿದರು. ಚಿತ್ರ ನೋಡಿದರು. ಕುರ್ಚಿಯಲ್ಲಿ ಕೂತರು. ನನಗೆ ಯಾಕಾದರೂ ಹೇಳಿದೆನೋ ಎನ್ನಿಸಿತು.

"ಹಾಗಾದರೆ ಹೊಗೆ ಮುಂದಕ್ಕೆ ಹೋಗುತ್ತೆ" ಎಂದರು ಕೊನೆಗೆ. "ಹಡಗಿಗಿಂತ ಮುಂದೆ. ನಾನು ಹದಿನೆಂಟು ವರ್ಷ ಸಮುದ್ರದ ಮೇಲಿದ್ದೆ. ಇದು ನಿಮ್ಮ ಬಾಯಿಂದ ಕೇಳಬೇಕಾಯಿತು."

ಎದ್ದು, ಅಗಲ ಅಲಗಿನ ಚಾಕು ತೆಗೆದುಕೊಂಡು, ಮೂರು ವಾರ ಕೂತು ಬರೆದ ಹೊಗೆಯನ್ನು ಒಂದೊಂದೇ ಎಳೆತದಲ್ಲಿ ಕೆರೆದು ಹಾಕಿದರು. ಮುಖದಲ್ಲಿ ಬೇಸರವಿರಲಿಲ್ಲ. ಬೇರೆ ದಾರಿ ಗೊತ್ತಾದವರ ಅವಸರವಿತ್ತು. ನಾನು ನಿಂತೇ ಇದ್ದೆ. ತಾನು ಮಾಡಿದ್ದು ಸರಿಯಲ್ಲ ಎಂದು ಗೊತ್ತಾದ ಗಳಿಗೆಯಲ್ಲಿ ಅದನ್ನು ಅಷ್ಟು ನಿರಾಳವಾಗಿ ಅಳಿಸುವ ಮನುಷ್ಯರನ್ನು ನಾನು ಕಂಡದ್ದು ಕಡಿಮೆ.

ಚಿತ್ರ ಮುಗಿದು, ಬಣ್ಣ ಒಣಗುವ ಹೊತ್ತಿಗೆ ಬೇಸಿಗೆಯೇ ಬಂತು. ಜೂನಿನ ಒಂದು ಭಾನುವಾರ ನಮ್ಮ ವ್ಯಾನಿನ ಹಿಂದಿನ ಸೀಟು ಮಡಚಿ, ಚಿತ್ರಕ್ಕೆ ಎರಡು ರಜಾಯಿ ಸುತ್ತಿ ಮಲಗಿಸಿದೆವು. ನನ್ನ ಗಂಡ ಡ್ರೈವ್ ಮಾಡಿದರು. ಸರ್ ಮುಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತು, ಡಾಲಸ್ ಮುಟ್ಟುವವರೆಗೆ ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ರಜಾಯಿ ನೋಡುತ್ತಿದ್ದರು.

ರಿಚರ್ಡ್‌ಸನ್ನಿನ ಮನೆಯ ಹಾಲಿನಲ್ಲಿ ಚಿತ್ರವನ್ನು ಸೋಫಾದ ಮೇಲೆ ಒರಗಿಸಿ ರಜಾಯಿ ತೆಗೆದೆವು. ಅಂಕಲ್ ಎದುರಿಗೆ ನಿಂತರು. ದೊಡ್ಡ ಬೂದು ಅಲೆಗಳು ಹಿಂದಿನಿಂದ ಎತ್ತಿ ಎತ್ತಿ ಕೊಡುತ್ತಿದ್ದ ಸಮುದ್ರ. ನಡುವೆ ತುಕ್ಕು ಹಿಡಿದ, ಉದ್ದನೆಯ ಒಂದೇ ಕೊಳವೆಯ ಹಡಗು. ಕೊಳವೆಯಿಂದ ಎದ್ದ ಹೊಗೆ ಹಡಗಿನ ತಲೆಯ ಮೇಲೆ ಬಾಗಿ, ಮೂತಿಯನ್ನೂ ದಾಟಿ, ಪೂರ್ವದ ಕಡೆಗೆ ಓಡುತ್ತಿತ್ತು.

ಅಂಕಲ್ ಮೆಲ್ಲಗೆ ಕನ್ನಡದಲ್ಲಿ ಕೇಳಿದರು. "ಇದರಲ್ಲಿ ಅಪ್ಪ ಎಲ್ಲಿದ್ದಾನೆ, ತಂಗೀ?"

ನಾನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಸರ್‌ಗೆ ಪ್ರಶ್ನೆ ತಿಳಿಯಿತೆಂದು ಕಾಣುತ್ತದೆ. ಹತ್ತಿರ ಬಂದು, ನೀರಿಗೆ ತಾಗಿದ ಹಡಗಿನ ಕಪ್ಪು ಮೈಯ ಮೇಲೆ ಒಂದು ಕಡೆ ಬೆರಳು ತೋರಿಸಿದರು.

"ಇಲ್ಲಿ, ಒಳಗೆ. ನೀರಿನ ಮಟ್ಟಕ್ಕಿಂತ ಕೆಳಗೆ. ಅವರನ್ನು ಹೊರಗಿನಿಂದ ನೋಡಲಾಗುವುದಿಲ್ಲ." ಆಮೇಲೆ ಬೆರಳನ್ನು ಕೊಳವೆಯ ಗುಂಟ ಮೇಲಕ್ಕೊಯ್ದು ಹೊಗೆಯ ಮೇಲೆ ನಡೆಸಿದರು. "ಇದು ಅವರು ಮಾಡಿದ್ದು. ಇಲ್ಲಿ ಕಡುಗಪ್ಪು ಇದೆಯಲ್ಲ, ಈಗ ತಾನೇ ಕಲ್ಲಿದ್ದಲು ಎಸೆದಿದ್ದಾರೆ. ಇಲ್ಲಿ ತೆಳ್ಳಗಾಗಿದೆ, ಬೆಂಕಿ ಹಿಡಿದಿದೆ. ಇಲ್ಲಿ ಮತ್ತೆ ಕಪ್ಪು, ಇನ್ನೊಂದು ಸಲಿಕೆ. ಒಳ್ಳೆಯ ಕೆಲಸಗಾರರ ಹೊಗೆ ಹೀಗೇ ಇರುತ್ತೆ, ತಾಳ ತಪ್ಪದೆ."

ಅಂಕಲ್ ಬೆರಳು ಓಡಿದಲ್ಲೆಲ್ಲ ಕಣ್ಣು ಓಡಿಸಿದರು. ಕೊಳವೆಯಿಂದ ಶುರುಮಾಡಿ ಹೊಗೆಯ ಕೊನೆಯವರೆಗೆ, ಮತ್ತೆ ಮೊದಲಿನಿಂದ. ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಲ್ಲಿ ಬಿಸಿ ಎಷ್ಟಿರ್ತಿತ್ತು?" ಎಂದು ಅಂಕಲ್ ಇಂಗ್ಲಿಷಿನಲ್ಲಿ ಕೇಳಿದರು.

ಸರ್ ಚಿತ್ರ ಬಿಟ್ಟು ಅವರ ಕಡೆ ತಿರುಗಿದರು. "ನನ್ನ ಮೊದಲ ಹಡಗು ಕಲ್ಲಿದ್ದಲಿನದ್ದು. ಅಂಥವುಗಳಲ್ಲಿ ಕೊನೆಕೊನೆಯದು. ನನಗೆ ಹದಿನಾರು ವರ್ಷ. ಒಮ್ಮೆ ಚೀಟಿ ಕೊಟ್ಟು ಬಾ ಎಂದು ಕೆಳಗೆ ಕಳಿಸಿದರು. ಕಬ್ಬಿಣದ ಏಣಿ ಹಿಡಿದರೆ ಕೈ ಸುಡುತ್ತಿತ್ತು. ಹತ್ತು ನಿಮಿಷ ನಿಲ್ಲಲಾಗದೆ ಮೇಲೆ ಓಡಿ ಬಂದು ವಾಂತಿ ಮಾಡಿಕೊಂಡೆ. ನಿಮ್ಮ ದೇಶದವರೇ ಅಲ್ಲಿದ್ದದ್ದು. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ಒಬ್ಬಾತ ನನ್ನನ್ನು ಕಂಡು ತನ್ನ ಪಾಲಿನ ನೀರಿನ ತಂಬಿಗೆ ಕೊಟ್ಟ." ಮತ್ತೆ ಚಿತ್ರದ ಕಡೆ ತಿರುಗಿ, "ಅರವತ್ತು ವರ್ಷದಿಂದ ಹಡಗು ಬರೆಯುತ್ತಿದ್ದೇನೆ. ಅವರನ್ನು ಒಂದು ಸಲವೂ ಬರೆಯಲಿಲ್ಲ" ಎಂದರು.

ಅಂಕಲ್ ಅವರ ಎರಡೂ ಕೈ ಹಿಡಿದುಕೊಂಡರು. ಕೊನೆಗೆ ಆಂಟಿಯೇ, "ಊಟಕ್ಕ ಬರ್ರಿ, ಅವರು ಬೆಳಗಿನಿಂದ ಏನೂ ತಿಂದಂಗಿಲ್ಲ" ಎಂದು ಎಲ್ಲರನ್ನೂ ಒಳಗೆ ಕರೆದರು. ಸರ್ ಹೋಳಿಗೆಯನ್ನು ಚಮಚದಲ್ಲಿ ತಿನ್ನಲು ಹೋಗಿ ಸೋತು ಕೈಯಲ್ಲೇ ತಿಂದರು. ಹೊರಡುವ ಹೊತ್ತಿಗೆ ಚಿತ್ರ ದೇವರ ಕೋಣೆಯ ಹೊರಗೋಡೆಯ ಮೇಲಿತ್ತು, ಅಂಕಲ್‌ರ ತಾಯಿಯ ಫೋಟೋದ ಪಕ್ಕದಲ್ಲಿ. ಇಷ್ಟು ವರ್ಷ ಆ ಫೋಟೋ ಒಂದೇ ಇತ್ತು.

ಅದಾದ ಎರಡು ತಿಂಗಳಿಗೆ, ಆಗಸ್ಟಿನ ಕಡುಬಿಸಿಲಿನಲ್ಲಿ, ಸರ್ ನಮ್ಮ ಬಾಗಿಲಿಗೆ ಬಂದು ನನ್ನ ಗಂಡನನ್ನು ಒಂದು ಗಂಟೆ ಎರವಲು ಕೊಡಿ ಎಂದರು. ಮೈಸೂರಿನ ಸಾಫ್ಟ್‌ವೇರ್ ಮನುಷ್ಯ ನನ್ನ ಗಂಡ. ಗ್ಯಾರೇಜಿನಲ್ಲಿ ಅಂಗಿ ಬಿಚ್ಚಿಸಿ, ಕೈಗೆ ತೋಟದ ಸಲಿಕೆ ಕೊಟ್ಟು, ಬೆನ್ನು ತಿರುಗಿಸಿ ಬಗ್ಗಿ ನಿಲ್ಲಿಸಿದರು. ಹದಿನೈದು ನಿಮಿಷಕ್ಕೆ ಬೆವರು ಧಾರೆಯಾಗಿ ಇಳಿಯಿತು. "ಒಂದು ಫ್ಯಾನಾದ್ರೂ ಹಾಕ್ಸೇ" ಎಂದು ನನ್ನ ಕಡೆ ನೋಡಿದರು. ಸರ್‌ಗೆ ಕನ್ನಡ ಅರ್ಥವಾಗದಿದ್ದರೂ ತಲೆಯಲ್ಲಾಡಿಸಿ, "ಬೇಡ, ಬೆವರು ಬೇಕು" ಎಂದರು.

ಹೀಗೆ ಶುರುವಾದ ಹೊಸ ಚಿತ್ರದಲ್ಲಿ ನೀರಿನ ಒಂದು ಹನಿಯೂ ಇಲ್ಲ, ಆಕಾಶವಿಲ್ಲ. ಕಬ್ಬಿಣದ ಗೋಡೆ, ತೆರೆದ ಒಲೆಯ ಬಾಯಿ, ಅದರ ಕೆಂಪು ಬೆಳಕಿನಲ್ಲಿ ಹೊಳೆಯುವ ಒಂದು ಬೆನ್ನು, ಆಚೆಗೆ ಇನ್ನೊಬ್ಬ, ಮುಖ ಇತ್ತ ತಿರುಗಿಸಿ ತಂಬಿಗೆ ಚಾಚಿದವನು. ದಿನಾ ಬೆಳಗ್ಗೆ ಆಫೀಸಿಗೆ ಹೊರಡುವಾಗ ಹೋಗಿ ನೋಡುತ್ತೇನೆ. ಅಲೆ ಒಡೆಯುವ ಗಳಿಗೆಯನ್ನು ಕಣ್ಣಳತೆಯಲ್ಲೇ ಹಿಡಿದ ಕೈ ಎಂಬತ್ತಮೂರರಲ್ಲಿ ಒಬ್ಬ ಮನುಷ್ಯನ ಮೊಣಕೈಯನ್ನು ಕಲಿಯುತ್ತಿದೆ. ಬರೆದು ಕೆರೆಯುತ್ತಾರೆ, ಮತ್ತೆ ಬರೆಯುತ್ತಾರೆ. ನೋಡುತ್ತಾ ನಿಂತರೆ ಆಫೀಸಿನ ಹೊತ್ತು ಮೀರಿದ್ದೇ ತಿಳಿಯುವುದಿಲ್ಲ.

ಎಲ್ಲವೂ ಮುಗಿಯುತ್ತಾ ಬಂದಿದೆ, ತಂಬಿಗೆ ಹಿಡಿದವನ ಮುಖವೊಂದನ್ನು ಬಿಟ್ಟು. ಆ ಜಾಗ ಇನ್ನೂ ಬರಿಯ ಕ್ಯಾನ್ವಾಸು. ಬರುವ ತಿಂಗಳು ಅಂಕಲ್ ರಿಚರ್ಡ್‌ಸನ್ನಿನಿಂದ ಬಂದು ನಮ್ಮ ಮನೆಯಲ್ಲಿ ನಾಲ್ಕು ದಿನ ಇರುತ್ತಾರೆ. ಬೆಳಗಿನ ಹೊತ್ತು ಎರಡೆರಡು ಗಂಟೆ ಸರ್ ಎದುರಿಗೆ ಕೂರಬೇಕಂತೆ. "ಮಗನ ಮುಖದಲ್ಲಿ ಅಪ್ಪ ಇದ್ದೇ ಇರುತ್ತಾನೆ. ಆ ಮುಖದಿಂದ ನಲವತ್ತೈದು ವರ್ಷ ಕಳೆಯಬೇಕು, ಅಷ್ಟೇ" ಎಂದಿದ್ದಾರೆ ಸರ್.